ಒಂದು ಬಿಟ್ಟು ಒಂದು ಓಲೆ

"ಕೊಡಾಕಿಲ್ಲ ಅಂದ್ಮೇಲೆ ಕೊಡಾಕಿಲ್ಲ ಕಣಿ ಸ್ವಾಮಿ. ಬಿಸ್ಲಲ್ಲಿ ಬಂದಿದ್ದೀರಿ, ಎಳ್ನೀರು ಕುಡ್ದು ತಣ್ಣಗೆ ಓಗಿ," ಎಂದಳು ಚಿಕ್ಕಬೋರಮ್ಮ. ಮೊರದಲ್ಲಿ ಹುರುಳಿ ಕೇರುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

ಜಗಲಿಯ ಮೇಲೆ ಕೂತಿದ್ದ ವೆಂಕಟರಾಮಯ್ಯನವರು ಎಳನೀರಿನ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯುತ್ತಿದ್ದರು. ವಾದ ಮಾಡುವಷ್ಟು ತ್ರಾಣ ಅವರಲ್ಲಿ ಉಳಿದಿರಲಿಲ್ಲ. ಬೆಳಗಿನ ರೈಲು ಹತ್ತಿ ಮದ್ದೂರಿನಲ್ಲಿ ಇಳಿದದ್ದು, ಮಳವಳ್ಳಿಯ ಬಸ್ಸಿನಲ್ಲಿ ಕಬ್ಬಿನ ಹೊರೆಗಳ ಮಧ್ಯೆ ಒಂದೇ ಕಾಲಿನಲ್ಲಿ ನಿಂತದ್ದು, ಅಲ್ಲಿಂದ ಹಲಗೂರಿಗೆ ಇನ್ನೊಂದು ಬಸ್ಸು, ಹಲಗೂರಿನಿಂದ ಈ ಹುಣಸೇಕಟ್ಟೆಗೆ ಸಂತೆ ಮುಗಿಸಿ ಹೊರಟಿದ್ದ ಯಾರದೋ ಎತ್ತಿನ ಗಾಡಿ. ದಾರಿಯ ಒಂದು ಗುಂಡಿಯನ್ನೂ ಅವರ ಸೊಂಟ ಮರೆತಿರಲಿಲ್ಲ. ಮುಂದಿನ ವರ್ಷ ನಿವೃತ್ತಿಯಾಗುವ ಮನುಷ್ಯನಿಗೆ ಇದೆಲ್ಲ ಬೇಕಿತ್ತೇ ಎಂದು ಹೆಂಡತಿ ಗೋದಮ್ಮ ಹೊರಡುವಾಗಲೇ ಕೇಳಿದ್ದರು. ಬೇಕಿರಲಿಲ್ಲ. ಆದರೂ ಬಂದಿದ್ದರು.

ವೆಂಕಟರಾಮಯ್ಯನವರು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಓಲೆಗರಿಯ ಪಂಡಿತರು. ಹಳ್ಳಿಹಳ್ಳಿ ತಿರುಗಿ, ಅಟ್ಟದ ಮೇಲೆ ಹೊಗೆ ಕುಡಿಯುತ್ತಿದ್ದ ಕಟ್ಟುಗಳನ್ನು ಕಾಡಿ ಬೇಡಿ ತಂದು, ಧೂಳು ಕೊಡವಿ, ಓದಿ, ಚೀಟಿ ಕಟ್ಟಿ ಇಡುವುದು ಅವರ ಕೆಲಸ. ಈ ವರ್ಷ ಗ್ರಂಥಾಲಯಕ್ಕೆ ಶ್ಯಾಮಣ್ಣ ಎಂಬ ಹೊಸ ಮುಖ್ಯಾಧಿಕಾರಿ ಬಂದಿದ್ದರು. ವಯಸ್ಸು ಚಿಕ್ಕದು, ಮಾತು ಮೃದು, ಉತ್ಸಾಹ ಮಾತ್ರ ಎದುರಿಗಿರುವವರಿಗೆ ಸುಸ್ತು ಹತ್ತಿಸುವಷ್ಟು. ಬಂದ ತಿಂಗಳಲ್ಲೇ ಗ್ರಂಥಾಲಯದ ಮುಂದಿನ ಐವತ್ತು ವರ್ಷಕ್ಕೆ ಒಂದು ಯೋಜನೆ ಬರೆದು, ನೀಲಿ ಕಾಗದದ ನಕ್ಷೆ ಹರಡಿ ಎಲ್ಲರಿಗೂ ತೋರಿಸಿದರು. ಹೊಸ ಕಟ್ಟಡ, ಕಬ್ಬಿಣದ ಬೀರುಗಳು, ವಿದ್ಯುತ್ ದೀಪ, ಸಂಶೋಧಕರಿಗೆ ಬೇರೆ ಬೇರೆ ಮೇಜು. ವೆಂಕಟರಾಮಯ್ಯನವರು ನಕ್ಷೆಯ ಮೇಲೆ ಬಗ್ಗಿ, ಈ ಐವತ್ತರಲ್ಲಿ ತನ್ನ ಪಾಲಿಗೆ ಒಂದೇ ವರ್ಷ ಎಂದುಕೊಂಡು, ಚೆನ್ನಾಗಿದೆ ಎಂದಿದ್ದರು.

"ಆದರೆ ಪಂಡಿತರೇ, ಹೊಸ ಕಟ್ಟಡದಲ್ಲಿ ಜಾಗ ಪೂರ್ತಿಯಾದ ಕಟ್ಟುಗಳಿಗೆ ಮಾತ್ರ," ಎಂದಿದ್ದರು ಶ್ಯಾಮಣ್ಣನವರು. "ಅರ್ಧಂಬರ್ಧ ಓಲೆ ಇಟ್ಟುಕೊಂಡು ಸಂಶೋಧನೆಗೆ ಬಂದವರು ಏನು ಮಾಡುತ್ತಾರೆ ಹೇಳಿ. ಕೊಟ್ಟವರಿಗೇ ಹಿಂದಕ್ಕೆ ಕಳಿಸೋಣ. ತೆಗೆದುಕೊಳ್ಳುವವರು ಇಲ್ಲ ಎಂದರೆ ವಿಲೇವಾರಿ. ಮುಂದಿನ ಸೋಮವಾರ ಸಮಿತಿ ಸೇರುತ್ತೆ, ಅಷ್ಟರಲ್ಲಿ ನೀವು ವಿಂಗಡಿಸಿಬಿಡಿ."

ಅದು ತಪ್ಪು ಎನ್ನುವಂತಿರಲಿಲ್ಲ, ಅದೇ ಕಷ್ಟ. ವೆಂಕಟರಾಮಯ್ಯನವರು ವಿಂಗಡಿಸಲು ಕೂತರು. ತಾವೇ ಹೊತ್ತು ತಂದ ಕಟ್ಟುಗಳನ್ನು ತಾವೇ ಬೇಡದ ರಾಶಿಗೆ ಹಾಕುತ್ತಾ ಹೋದಂತೆ ಅವರಿಗೆ ತಮ್ಮ ಇಡೀ ನೌಕರಿಯೇ ಆ ರಾಶಿಯ ಮೇಲೆ ಬಿದ್ದ ಹಾಗಾಯಿತು. ಹೀಗಿರುವಾಗ ಕೈಗೆ ಸಿಕ್ಕಿದ್ದು ಹುಣಸೇಕಟ್ಟೆಯ ದನದ ವೈದ್ಯದ ಕಟ್ಟು. ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಹಿಂದೆ, ದೊಡ್ಡಸಿದ್ದಯ್ಯ ಎಂಬ ರೈತ ಅದನ್ನು ಕೇಳಿದ ಕೂಡಲೇ ಒಳಗಿನಿಂದ ತಂದು ಕೈಯಲ್ಲಿಟ್ಟಿದ್ದ. ಆ ಔದಾರ್ಯವನ್ನು ವೆಂಕಟರಾಮಯ್ಯನವರು ಅನೇಕರ ಮುಂದೆ ಹೊಗಳಿದ್ದರು. ಆ ವೈದ್ಯದ ಇನ್ನೊಂದು ಪ್ರತಿ ಅವರು ಎಲ್ಲಿಯೂ ಕಂಡಿರಲಿಲ್ಲ. ಆದರೆ ಓದಹೊರಟರೆ ಒಂದು ಓಲೆಗೂ ಮುಂದಿನ ಓಲೆಗೂ ಸಂಬಂಧವೇ ಇಲ್ಲ. ನಡುನಡುವೆ ಕಳೆದುಹೋಗಿದೆ ಎಂದು ಚೀಟಿ ಬರೆದು ಇಟ್ಟುಬಿಟ್ಟಿದ್ದರು.

ಈಗ ಬೇಡದ ರಾಶಿಗೆ ಹಾಕುವ ಮೊದಲು ಓಲೆಯ ಎಡತುದಿಯ ಅಂಕೆಗಳ ಮೇಲೆ ಬೆರಳಾಡಿಸಿದರು. ಒಂದು, ಮೂರು, ಐದು, ಏಳು. ಕೊನೆಯವರೆಗೂ ಹಾಗೆಯೇ. ಸಮಸಂಖ್ಯೆಯ ಓಲೆ ಒಂದಾದರೂ ಇರಲಿಲ್ಲ. ಗೆದ್ದಲು ತಿಂದರೆ ಇಷ್ಟು ಶಿಸ್ತಾಗಿ ತಿನ್ನುವುದಿಲ್ಲ. ಇಷ್ಟು ವರ್ಷ ಇದು ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಉಳಿದ ಅರ್ಧ ಎಲ್ಲೋ ಇದೆ. ಅದು ಸೋಮವಾರದ ಒಳಗೆ ಬಂದರೆ ಈ ಕಟ್ಟು ಉಳಿಯುತ್ತದೆ. ಅಷ್ಟೊಂದು ಕಟ್ಟುಗಳಲ್ಲಿ ಇದೊಂದನ್ನಾದರೂ ಉಳಿಸುತ್ತೇನೆ ಎಂದು ಯಾರನ್ನೂ ಕೇಳದೆ ಕಟ್ಟನ್ನು ಪಂಚೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೊರಟಿದ್ದರು.

ಉಳಿದ ಅರ್ಧದ ವಿಷಯ ಗಾಡಿಯವನೇ ಹೇಳಿದ. ದೊಡ್ಡಸಿದ್ದಯ್ಯನೂ ತಮ್ಮ ಲಿಂಗಯ್ಯನೂ ಪಾಲಾಗುವಾಗ, ಒಬ್ಬನಿಗೆ ಹೆಚ್ಚು ಒಬ್ಬನಿಗೆ ಕಡಿಮೆ ಎಂಬ ಮಾತೇ ಬರಬಾರದೆಂದು ಪಂಚಾಯಿತಿಯವರು ಎಲ್ಲವನ್ನೂ ಒಂದು ಬಿಟ್ಟು ಒಂದರಂತೆ ಹಂಚಿದರಂತೆ. ಸಾಲಿನ ತೆಂಗಿನಮರಗಳನ್ನು ಹಾಗೆ ಹಂಚಿದರು, ಹಿತ್ತಾಳೆ ಪಾತ್ರೆಗಳನ್ನು ಹಾಗೆ ಹಂಚಿದರು, ಮನೆಯಲ್ಲಿ ಪೂಜೆಗಿದ್ದ ಓಲೆಕಟ್ಟಿನ ದಾರ ಬಿಚ್ಚಿ ಅದನ್ನೂ ಹಾಗೆಯೇ ಹಂಚಿದರು. ಮಧ್ಯೆ ಗೋಡೆ ಎದ್ದಿತು. ಎರಡು ಮನೆಗೂ ಬೆಂಕಿ ನೀರು ನಿಂತಿತು. ಅಣ್ಣತಮ್ಮಂದಿರಿಬ್ಬರೂ ಈಗಿಲ್ಲ. ಗೋಡೆಯ ಆಚೆಗೆ ದೊಡ್ಡಸಿದ್ದಯ್ಯನ ಮಗ ಅಂಕಯ್ಯ, ಈಚೆಗೆ ಲಿಂಗಯ್ಯನ ಹೆಂಡತಿ ಚಿಕ್ಕಬೋರಮ್ಮ.

ವೆಂಕಟರಾಮಯ್ಯನವರು ಮೊದಲು ಅಂಕಯ್ಯನ ಬಾಗಿಲಿಗೇ ಹೋಗಿದ್ದರು. ನಲವತ್ತರ ಗಟ್ಟಿ ಆಳು. "ಮಿಕ್ಕಿದ್ದು ಆ ಮನೇಲದೆ ಸ್ವಾಮಿ. ನೀವ್ ಬೇಕಾರೆ ಕೇಳ್ಕಳಿ. ನಾನ್ ಕೇಳಾಕಿಲ್ಲ," ಎಂದು ಹೇಳಿ ನೊಗಕ್ಕೆ ಹಗ್ಗ ಸುತ್ತುವ ಕೆಲಸಕ್ಕೆ ತಿರುಗಿಕೊಂಡಿದ್ದ. ಅದಕ್ಕೇ ಈ ಬಾಗಿಲು.

"ನಿಮ್ಮ ಓಲೆ ಕಿತ್ತುಕೊಂಡು ಹೋಗಲು ಬಂದಿಲ್ಲಮ್ಮ," ಎಂದರು ವೆಂಕಟರಾಮಯ್ಯನವರು ಕೊನೆಗೆ. "ಅರ್ಧ ನಮ್ಮ ಗ್ರಂಥಾಲಯ ಸೇರಿದೆ, ಅರ್ಧ ಇಲ್ಲಿದೆ. ಎರಡೂ ಸೇರದಿದ್ದರೆ ಅಲ್ಲಿರುವುದನ್ನೂ ಬಿಸಾಡುತ್ತಾರೆ."

"ಬಿಸಾಕ್ಲಿ. ಅವ್ರ ಪಾಲು ಅವ್ರು ಕೊಟ್ರು. ನಮ್ ಪಾಲು ನಮ್ತಾವದೆ. ಸಂಕ್ರಾಂತಿ ದಿಸ ಕಿಚ್ಚಾಯ್ಸೋಕ್ ಮುಂಚೆ ದನಗಳ ಅಣೆಗೆ ಮುಟ್ಟುಸ್ತೀವಿ. ನಮ್ಮೋರು ಇದ್ದಾಗ ಓದ್ತಿದ್ರು. ಈಗ ಓದೋರಿಲ್ಲ, ಮುಟ್ಟುಸ್ತೀವಿ ಅಷ್ಟೇಯ."

"ಆ ಮನೆಯ ಅರ್ಧ ನನ್ನ ಚೀಲದಲ್ಲೇ ಇದೆ."

ಮೊರ ನಿಂತಿತು. ಚಿಕ್ಕಬೋರಮ್ಮ ಈಗ ಮೊದಲ ಸಲ ಅವರನ್ನು ನೋಡಿದಳು. ವೆಂಕಟರಾಮಯ್ಯನವರು ಚೀಲದಿಂದ ತೆಗೆದು, ಸುತ್ತಿದ್ದ ಪಂಚೆ ಬಿಚ್ಚಿ ಕಟ್ಟನ್ನು ಜಗಲಿಯ ಮೇಲಿಟ್ಟರು. ಅವಳು ಎದ್ದು ಬಂದಳು, ಮುಟ್ಟಲಿಲ್ಲ, ಸೆರಗಿನಿಂದ ಕೈ ಒರೆಸಿಕೊಂಡು ಹಾಗೆಯೇ ನಿಂತಳು.

"ಒಂದು ಸಲ ಎರಡನ್ನೂ ಸೇರಿಸಿ ನೋಡೋಣ. ಆಮೇಲೆ ಬೇಡ ಎಂದರೆ ನಿನ್ನದನ್ನು ನೀನು ತೆಗೆದುಕೋ," ಎಂದರು.

"ಅಂಗಾರೆ ಆ ಅಂಕನ್ನೂ ಕರೀರಿ. ಅವ್ರ ಓಲೆ ಮುಟ್ಟೋವಾಗ ಅವ್ನಿರ್ಬೇಕು. ಇಲ್ದಿದ್ರೆ ನಾಳೀಕೆ ನಾನೇ ಕದ್ದೆ ಅಂದಾನು."

ಹತ್ತು ಮಾರು ದೂರದ ಬಾಗಿಲಿಗೆ ವೆಂಕಟರಾಮಯ್ಯನವರು ಎರಡು ಸಲ ಹೋಗಿ ಬರಬೇಕಾಯಿತು. ಅಂಕಯ್ಯ ಬಂದು ಜಗಲಿಯ ಆ ತುದಿಗೆ ಬೀದಿಯ ಕಡೆ ಮುಖ ಮಾಡಿ ಕೂತ. ಚಿಕ್ಕಬೋರಮ್ಮ ಒಳಗಿನಿಂದ ಅರಿಶಿನ ಬಟ್ಟೆಯಲ್ಲಿ ಸುತ್ತಿದ ತನ್ನ ಅರ್ಧವನ್ನು ತಂದು ಈ ತುದಿಗೆ ಕೂತಳು. ಇಬ್ಬರ ಮಧ್ಯೆ ಪಂಡಿತರು. ದಾರ ಬಿಚ್ಚಿ, ಅಂಕಯ್ಯನ ಓಲೆಗಳನ್ನು ಅವನ ಮಡಿಲಿಗೆ ಕೊಟ್ಟರು.

"ನೀನು ಒಂದು ಕೊಡು, ಆಮೇಲೆ ಇವಳು ಒಂದು ಕೊಡಲಿ," ಎಂದರು.

ಅಂಕಯ್ಯ ಬೀದಿ ನೋಡುತ್ತಲೇ ಕೈ ಚಾಚಿ ಒಂದನ್ನು ಕೊಟ್ಟ. ಚಿಕ್ಕಬೋರಮ್ಮ ಎರಡನೆಯದನ್ನು ಕೊಟ್ಟಳು. ವೆಂಕಟರಾಮಯ್ಯನವರು ಕನ್ನಡಕ ಏರಿಸಿ, ಒಂದರ ಕೊನೆಯನ್ನೂ ಇನ್ನೊಂದರ ಮೊದಲನ್ನೂ ಗಟ್ಟಿಯಾಗಿ ಓದಿ, ಕೂಡುತ್ತದೆ ಎಂದು ಖಾತ್ರಿಯಾದ ಮೇಲೆ ದಾರಕ್ಕೆ ಪೋಣಿಸಿದರು. ಅಷ್ಟು ನಿಧಾನ ಬೇಕಿರಲಿಲ್ಲ. ಅಂಕೆ ನೋಡಿ ಪೋಣಿಸಿದ್ದರೆ ಸಾಯಂಕಾಲದ ಬಸ್ಸು ಸಿಗುತ್ತಿತ್ತು. ಆದರೆ ಆ ಇಬ್ಬರು ಒಂದೇ ಜಗಲಿಯ ಮೇಲೆ ಕೂತಿರುವುದನ್ನು ಬೇಗ ಮುಗಿಸಲು ಅವರಿಗೆ ಮನಸ್ಸು ಬರಲಿಲ್ಲ.

"ಸ್ವಾಮಿ, ಅವನಿಗೇಳಿ, ಓಲೆ ತುದೀಲಿ ಇಡೀಬೇಕು, ಮಧ್ಯದಲ್ ಇಡುದ್ರೆ ಮುರೀತದೆ," ಎಂದಳು ಚಿಕ್ಕಬೋರಮ್ಮ.

"ನಂಗೊತ್ತದೆ ಅಂತ ಏಳಿ," ಎಂದ ಅಂಕಯ್ಯ.

ಕೆಮ್ಮಿನ ಮದ್ದು ಬಂತು, ಹೆಗಲು ಬಾವಿನ ಮದ್ದು ಬಂತು. ಆಮೇಲೆ ಕಣ್ಣಲ್ಲಿ ಪೊರೆ ಬಂದ ದನದ ಲಕ್ಷಣ ಅಂಕಯ್ಯನ ಓಲೆಯಲ್ಲಿ ಮುಗಿದು, ತುಂಬೆಸೊಪ್ಪು ಜಜ್ಜಿ ರಸ ಬಿಡುವುದು ಚಿಕ್ಕಬೋರಮ್ಮನ ಓಲೆಯಲ್ಲಿ ಶುರುವಾಯಿತು. ಚಿಕ್ಕಬೋರಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯೋ, ಕಣ್ಗಾ ಅದು? ಇಷ್ಟು ವರ್ಸದಿಂದ ಕಾಲ್ಗೆ ಕಟ್ತಾ ಇದ್ವಲ್ಲ ಸ್ವಾಮಿ!"

ಅಂಕಯ್ಯ ಬೀದಿಯ ಕಡೆಯೇ ನೋಡುತ್ತಿದ್ದ. ಆದರೆ ಅವನ ಮೀಸೆ ಅಲುಗಿದ್ದು ಪಂಡಿತರಿಗೆ ಕಂಡಿತು. ಅವರಿಗೂ ನಗು ಬಂತು. ಬೆಳಗಿನಿಂದ ಮೊದಲ ಸಲ ಸೊಂಟದ ನೋವು ಮರೆತುಹೋಗಿತ್ತು.

ಮುಂದಿನ ಓಲೆ ಅಂಕಯ್ಯನದು. ಅವನು ಅದನ್ನು ಕೂಡಲೇ ಕೊಡಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು, ಓದು ಬಾರದ ಮನುಷ್ಯ, ಅದರ ಸಾಲುಗಳನ್ನು ಬಾಯಿಪಾಠ ಒಪ್ಪಿಸುವವರ ಹಾಗೆ ಹೇಳಿದ.

"ಎಡದ ಡೊಳ್ಳು ಉಬ್ಬಿ, ಕಿವಿ ತಣ್ಣಗಾಗಿ, ಮೆಲುಕು ನಿಂತು, ನೆಲಕ್ಕೆ ಕೊಂಬು ತಿಕ್ಕೋ ಎತ್ತಿಗೆ... ಇಷ್ಟೇ ಸ್ವಾಮಿ. ಅಲ್ಲಿಗೆ ನಮ್ದು ಮುಗೀತು."

ವೆಂಕಟರಾಮಯ್ಯನವರು ಓಲೆ ಇಸಿದುಕೊಂಡು ನೋಡಿದರು. ಅಕ್ಷರವೂ ತಪ್ಪಿರಲಿಲ್ಲ. "ಇದು ನಿನಗೆ ಹೇಗೆ ಗೊತ್ತು?"

"ಪಾಲಾಗಿ ಆರು ತಿಂಗ್ಳಿಗೆ ನಮ್ಮೆತ್ತು ಇಂಗೇ ಮಲಿಕ್ಕತು. ಅಪ್ಪ ಎಣ್ಣೆ ಕುಡಿಸ್ದ, ಒಟ್ಟೆ ನೀವ್ದ. ಇಳೀನಿಲ್ಲ. ಈ ಓಲೆ ತಕ್ಕಂಡು ಓದ್ದ. ಇನ್ನೊಂದು ಸತಿ ಓದ್ದ. ಮದ್ದು ಗ್ವಾಡೆ ಆಚೆ ಅದೆ ಅಂತ ಅವನ್ಗೂ ಗೊತ್ತು, ನನ್ಗೂ ಗೊತ್ತು. ಓಗಿ ಕೇಳಪ್ಪ ಅಂದೆ. ಕೇಳಾಕಿಲ್ಲ ಅಂದ. ಓಲೆ ಇಡ್ಕಂಡು ಗ್ವಾಡೆ ನೋಡ್ಕಂಡು ಕುಂತ. ಒತ್ತು ಮುಳುಗೋವಾಗ ಎತ್ತು ಓಯ್ತು." ಅಂಕಯ್ಯ ಕೆಮ್ಮಿದ. "ಅದಾಗಿ ಆ ವಾರ್ದಲ್ಲೇ ನೀವು ಬಂದ್ರಿ, ಓಲೆ ಅದಾ ಅಂದ್ಕಂಡು."

ಕೇಳಿದ ಕೂಡಲೇ ಕೈಯಲ್ಲಿಟ್ಟ ದೊಡ್ಡಸಿದ್ದಯ್ಯನ ಮುಖ ವೆಂಕಟರಾಮಯ್ಯನವರಿಗೆ ನೆನಪಾಯಿತು. ಔದಾರ್ಯ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಅವನು ಕೊಟ್ಟಿರಲಿಲ್ಲ, ಕಣ್ಣೆದುರಿನಿಂದ ತೊಲಗಿಸಿದ್ದ. ಇದನ್ನು ಕೇಳಲು ತಾನು ಇಷ್ಟು ದೂರ ಬರಬಾರದಿತ್ತು ಎನಿಸಿತು.

"ಓದಿ ಸ್ವಾಮಿ ಮುಂದ್ಕೆ," ಎಂದ ಅಂಕಯ್ಯ.

"ಬೇಡ ಬಿಡಪ್ಪ."

"ಓದಿ. ಏನಿತ್ತು ಅಂತಾರ ತಿಳ್ಕತೀನಿ."

ಚಿಕ್ಕಬೋರಮ್ಮ ಕೊಟ್ಟ ಓಲೆಯನ್ನು ಪಂಡಿತರು ಓದಿದರು. ಹರಳೆಣ್ಣೆಯಲ್ಲಿ ಇಂಗು ಕದಡಿ ಕುಡಿಸುವುದು. ಮುಂಗಾಲು ಎತ್ತರದಲ್ಲಿರುವ ಹಾಗೆ ನಿಲ್ಲಿಸುವುದು. ಬೇವಿನ ಕಡ್ಡಿಯನ್ನು ಬಾಯಿಗೆ ಅಡ್ಡಲಾಗಿ ಕಟ್ಟುವುದು. ಎತ್ತು ಅದನ್ನು ಅಗಿಯುತ್ತಾ ತೇಗಿದರೆ ಉಬ್ಬರ ಇಳಿಯುತ್ತದೆ. ಅಷ್ಟೇ ಇತ್ತು.

"ಬೇವಿನ ಕಡ್ಡಿ," ಎಂದ ಅಂಕಯ್ಯ. ಜಗಲಿಯ ಮುಂದೆಯೇ ಬೇವಿನ ಮರವಿತ್ತು. ಅದರ ನೆರಳು ಎರಡು ಬಾಗಿಲಿಗೂ ಬೀಳುತ್ತಿತ್ತು. ಅವನು ಅದನ್ನು ನೋಡಲಿಲ್ಲ, ತನ್ನ ಪಾದ ನೋಡಿಕೊಂಡ.

ಚಿಕ್ಕಬೋರಮ್ಮ ಮಾತಾಡಿದಳು. ಪಂಡಿತರಿಗೋ, ಅಂಕಯ್ಯನಿಗೋ, ಯಾರಿಗೆ ಎಂದು ತಿಳಿಯುವಂತಿರಲಿಲ್ಲ.

"ಆವತ್ತು ಎತ್ತು ಉಸ್ರು ಬುಡ್ತಿದ್ದುದ್ದು ನಮ್ಗೂ ಕೇಳ್ತಿತ್ತು. ಈ ಗ್ವಾಡೆ ಎಷ್ಟು ದಪ್ಪ ಅದೆ? ನಮ್ಮೋರು ಕುಂತ್ಕತಾರೆ, ಏಳ್ತಾರೆ. ಉಣ್ನಿಲ್ಲ. ಕಟ್ಟು ತಗುದು ಮುಂದೆ ಮಡಿಕ್ಕಂಡಿದ್ರು. ಅಣ್ಣ ಕರೀತಾನೆ, ಕರೀತಾನೆ ಅಂತಿದ್ರು. ಕರೀನಿಲ್ವಲ್ಲ."

ವೆಂಕಟರಾಮಯ್ಯನವರಿಗೆ ಕಣ್ಣು ಒದ್ದೆಯಾಗಿ ಅಕ್ಷರ ಕಲಸಿಕೊಂಡಿತು. ಉಳಿದ ಓಲೆಗಳನ್ನು ಓದದೆಯೇ, ಅಂಕೆ ನೋಡಿಕೊಂಡು ಬೇಗ ಬೇಗ ಪೋಣಿಸಿ, ಕಟ್ಟಿನ ಮರದ ಹಲಗೆಗಳ ಮಧ್ಯೆ ಇಟ್ಟು ಬಿಗಿದರು. ಕಟ್ಟು ಪೂರ್ತಿಯಾಗಿತ್ತು. ಅವರು ಬಂದದ್ದೇ ಇದಕ್ಕೆ. ಆದರೆ ಅದನ್ನು ಮುಟ್ಟಲು ಈಗ ಯಾರಿಗೂ ಮನಸ್ಸಿರಲಿಲ್ಲ.

"ತಕ್ಕಂಡೋಗಿ ಸ್ವಾಮಿ, ನಮ್ಮನೇಗ್ ಬ್ಯಾಡ," ಎಂದ ಅಂಕಯ್ಯ.

"ನಮ್ಮನೇಗೂ ಬ್ಯಾಡ," ಎಂದಳು ಚಿಕ್ಕಬೋರಮ್ಮ. ಮತ್ತೆ, "ಅಲ್ಲಿ ಯಾರಾರ ಓದ್ತಾರಾ?" ಎಂದು ಕೇಳಿದಳು.

ಸುಳ್ಳು ಹೇಳುವ ಶಕ್ತಿಯೂ ಪಂಡಿತರಲ್ಲಿ ಉಳಿದಿರಲಿಲ್ಲ. "ಓದಿದರೆ ಓದಿದರು, ಇಲ್ಲವಾದರೆ ಇಲ್ಲ ಕಣಮ್ಮ. ಯಾರೂ ಪಾಲು ಮಾಡುವುದಿಲ್ಲ, ಅಷ್ಟು ಹೇಳಬಲ್ಲೆ. ಬೇಕಾದರೆ ನಕಲು ಮಾಡಿ ಒಂದೊಂದು ಮನೆಗೆ ಒಂದೊಂದು ಕಳಿಸುತ್ತೇನೆ."

"ಓದೋರ್ಯಾರವ್ರೆ? ಬೇವಿನ ಕಡ್ಡಿ ಅಂತ ಗೊತ್ತಾಯ್ತಲ್ಲ, ಸಾಕು."

ಇನ್ನು ಉಳಿದದ್ದು ಚೀಟಿ ಒಂದೇ. ಹೊಸ ಯೋಜನೆಯ ಪ್ರಕಾರ ಪ್ರತಿ ಕಟ್ಟಿಗೂ ಕೊಟ್ಟವರ ಹೆಸರಿರಬೇಕು, ಒಂದು ಕಟ್ಟಿಗೆ ಒಂದೇ ಹೆಸರು. ವೆಂಕಟರಾಮಯ್ಯನವರು ಪೆನ್ಸಿಲು ತೆಗೆದು, ದೊಡ್ಡಸಿದ್ದಯ್ಯನ ಹೆಸರು ಮೊದಲಿನಿಂದಲೂ ಇದೆ ಎಂದರು.

"ಅದೆಂಗಾದದು?" ಚಿಕ್ಕಬೋರಮ್ಮ ಸೆಟೆದು ಕೂತಳು. "ಅರ್ಧ ನಮ್ದು. ಲಿಂಗಯ್ಯ ಅಂತ ಬರ್ಕಳಿ."

"ಅಂಗಾರೆ ನಮ್ದು ಕೊಡಿ ವಾಪಸ್ಸು," ಎಂದ ಅಂಕಯ್ಯ.

"ನಿಯಮ ಹಾಳಾಗಲಿ, ಇಬ್ಬರದ್ದೂ ಬರೆಯುತ್ತೇನೆ."

"ಯಾವ್ದು ಮೊದ್ಲು?" ಎಂದರು ಇಬ್ಬರೂ ಒಟ್ಟಿಗೆ.

ವೆಂಕಟರಾಮಯ್ಯನವರು ಪೆನ್ಸಿಲು ಕೆಳಗಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಪಂಚಾಯಿತಿಯವರ ಹಾಗೆ ತಾನೂ ದಾರ ಬಿಚ್ಚಿ ನಿನಗೊಂದು ನಿನಗೊಂದು ಎಂದು ಹಂಚಿ ಎದ್ದುಹೋಗುವುದು ಇನ್ನು ಬಾಕಿ. ಅವರು ನಿಜವಾಗಿಯೂ ದಾರದ ಗಂಟಿಗೆ ಕೈ ಹಾಕಿದರು. ಚಿಕ್ಕಬೋರಮ್ಮ ಆ ಕೈಯನ್ನೇ ನೋಡುತ್ತಿದ್ದಳು.

"ಅಂಕ," ಎಂದಳು.

ಅಂಕಯ್ಯ ಬೆಚ್ಚಿ ತಿರುಗಿದ. ಪಾಲಾದ ಮೇಲೆ ಅವಳ ಬಾಯಲ್ಲಿ ತನ್ನ ಹೆಸರು ಅವನು ಕೇಳಿರಲಿಲ್ಲ.

"ಆ ಎತ್ತಿನ ಎಸ್ರು ಏನ್ಲಾ? ನಿಮ್ಮಪ್ಪ ಏನೋ ಕರೀತಿದ್ದ."

"ಮುದ್ದಯ್ಯ ಅಂತಿದ್ದ, ಚಿಕ್ಕವ್ವ."

"ಅದ್ನೇ ಬರ್ಕಳಿ ಸ್ವಾಮಿ," ಎಂದಳು ಚಿಕ್ಕಬೋರಮ್ಮ. ಎದ್ದು, ಮೊರ ತೆಗೆದುಕೊಂಡು ಒಳಗೆ ಹೋದಳು.

ಸೋಮವಾರ ಸಮಿತಿ ಸೇರುವ ಮೊದಲು ಶ್ಯಾಮಣ್ಣನವರು ಪಂಡಿತರ ಕೋಣೆಗೆ ಬಂದರು. ಪೂರ್ತಿಯಾದ ಕಟ್ಟುಗಳ ಸಾಲಿನಲ್ಲಿ ಕೊನೆಯದನ್ನು ಎತ್ತಿ, ಚೀಟಿ ಓದಿ, ಸಂತೋಷಪಟ್ಟರು.

"ಇದು ಅಪೂರ್ಣ ಅಂದಿದ್ದಿರಲ್ಲ ಪಂಡಿತರೇ, ಸಿಕ್ಕಿತೇ! ಮುದ್ದಯ್ಯ, ಹುಣಸೇಕಟ್ಟೆ. ಬೇಸಾಯದವರೋ?"

"ಹೌದು, ಬೇಸಾಯದವರೇ."

"ಇಂಥವರನ್ನು ಹೊಸ ಕಟ್ಟಡದ ಪ್ರಾರಂಭಕ್ಕೆ ಕರೆಯಬೇಕು. ಇದ್ದಾರೆಯೇ?"

"ಇಲ್ಲ. ಬಹಳ ಹಿಂದೆಯೇ ತೀರಿಕೊಂಡರು."

"ಅಯ್ಯೋ ಪಾಪ. ಮನೆಯವರು?"

"ಮನೆಯವರಿದ್ದಾರೆ. ಎರಡು ಬಾಗಿಲು," ಎಂದರು ವೆಂಕಟರಾಮಯ್ಯನವರು. "ಎರಡು ಕಾಗದ ಬೇಡ. ಒಂದೇ ಹಾಕಿ."

ಶ್ಯಾಮಣ್ಣನವರು ಅದನ್ನು ಗುರುತು ಹಾಕಿಕೊಂಡು ನಕ್ಷೆಯ ಸುರುಳಿ ಹಿಡಿದು ಸಮಿತಿಗೆ ಹೋದರು. ವೆಂಕಟರಾಮಯ್ಯನವರು ಸೊಂಟ ಹಿಡಿದುಕೊಂಡು ಬೇಡದ ರಾಶಿಯ ಮುಂದೆ ಕೂತರು. ಮೇಲಿನ ಕಟ್ಟನ್ನು ತೆಗೆದುಕೊಂಡು, ಧೂಳು ಊದಿ, ಓಲೆಯ ಎಡತುದಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡತೊಡಗಿದರು.